ಅನಧಿಕೃತ ಆಕ್ಟಿವೇಟರ್‌ಗಳ ಅಪಾಯ ಮತ್ತು ಸಕ್ರಮ ಪರ್ಯಾಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಣ ಕೊಟ್ಟು ಪರವಾನಗಿ ಪಡೆಯಬೇಕಾದ ತಂತ್ರಾಂಶವನ್ನು ಹಣ ಕೊಡದೆಯೇ ಪೂರ್ಣ ರೂಪದಲ್ಲಿ ಬಳಸಲು ನೆರವಾಗುವ ಆಕ್ಟಿವೇಟರ್, ಕ್ರ್ಯಾಕ್, ಪ್ಯಾಚ್, ಕೀಜೆನ್ ಮುಂತಾದವುಗಳ ಬಗ್ಗೆ ಮನೆಬಳಕೆದಾರರು, ವಿದ್ಯಾರ್ಥಿಗಳು, ಡಿಟಿಪಿ ಕೇಂದ್ರದವರು ಹಾಗೂ ಸಣ್ಣ ವ್ಯಾಪಾರಿಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಹೆಚ್ಚಿನ ಉದಾಹರಣೆಗಳು ವಿಂಡೋಸ್ ಮತ್ತು ಆಫೀಸ್‌ಗೆ ಸಂಬಂಧಿಸಿವೆ, ಏಕೆಂದರೆ ನಮ್ಮಲ್ಲಿ ಈ ಸಮಸ್ಯೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಇಂಥ ಉಪಕರಣಗಳು ಎಲ್ಲಿ ಸಿಗುತ್ತವೆ, ಅವನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿಲ್ಲ.

ಆಕ್ಟಿವೇಟರ್ ಎಂಬುದು ನಿಜವಾಗಿ ಏನು ಮಾಡುತ್ತದೆ?

ವಿಂಡೋಸ್ ಅನುಸ್ಥಾಪಿಸಿದ ಮೇಲೆ ಅದು ತನ್ನ ಪರವಾನಗಿ ಸರಿಯಾಗಿದೆಯೇ ಎಂದು ಮೈಕ್ರೋಸಾಫ್ಟ್‌ನ ಸರ್ವರ್‌ನೊಂದಿಗೆ ತಾಳೆ ನೋಡಿಕೊಳ್ಳುತ್ತದೆ. ಇದೇ ಆಕ್ಟಿವೇಶನ್. ಆದರೆ ನೂರಾರು ಕಂಪ್ಯೂಟರ್‌ಗಳಿರುವ ಕಚೇರಿಗಳಲ್ಲಿ ಒಂದೊಂದು ಯಂತ್ರವೂ ಹೊರಗಿನ ಸರ್ವರನ್ನು ಸಂಪರ್ಕಿಸುವುದು ಅನುಕೂಲವಲ್ಲವಾದ್ದರಿಂದ, ವಿಂಡೋಸ್ ವಿಸ್ತಾ ಕಾಲದಿಂದ ಕೆಎಂಎಸ್ ಎಂಬ ವ್ಯವಸ್ಥೆ ಬಂದಿತು. ಇದರಲ್ಲಿ ಸಂಸ್ಥೆಯೊಳಗಿನ ಒಂದು ಸರ್ವರ್ ಉಳಿದ ಯಂತ್ರಗಳಿಗೆಲ್ಲ ಆಕ್ಟಿವೇಶನ್ ಕೊಡುತ್ತದೆ. ಕನಿಷ್ಠ 25 ವಿಂಡೋಸ್ ಕಂಪ್ಯೂಟರ್‌ಗಳು, ಆಫೀಸ್ ಅಥವಾ ವಿಂಡೋಸ್ ಸರ್ವರ್ ಆದರೆ ಕನಿಷ್ಠ 5 ಯಂತ್ರಗಳು ಕೇಳಿದಾಗ ಮಾತ್ರ ಅದು ಕೆಲಸ ಶುರುಮಾಡುತ್ತದೆ. ಹೀಗೆ ಸಿಕ್ಕ ಆಕ್ಟಿವೇಶನ್‌ನ ಆಯುಷ್ಯ 180 ದಿನ. ಯಂತ್ರವು ಏಳು ದಿನಗಳಿಗೊಮ್ಮೆ ಅದನ್ನು ನವೀಕರಿಸಿಕೊಳ್ಳಲು ಪ್ರಯತ್ನಿಸುತ್ತಿರುತ್ತದೆ.

ಪೇಟೆಯಲ್ಲಿ ಓಡಾಡುವ ಹೆಚ್ಚಿನ ಆಕ್ಟಿವೇಟರ್‌ಗಳು ಮಾಡುವುದು ಇಷ್ಟೇ: ನಿಮ್ಮ ಕಂಪ್ಯೂಟರಿನೊಳಗೇ ಒಂದು ನಕಲಿ ಕೆಎಂಎಸ್ ಸರ್ವರನ್ನು ಕೂರಿಸಿ, ಅದೇ ಸಂಸ್ಥೆಯ ಸರ್ವರ್ ಎಂದು ವಿಂಡೋಸ್ ನಂಬುವಂತೆ ಮಾಡುವುದು. 180 ದಿನಗಳ ಗಡುವು ಇರುವುದರಿಂದ ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಆದ್ದರಿಂದ ಉಪಕರಣವು ಹಿನ್ನೆಲೆಯಲ್ಲಿ ಒಂದು ಸರ್ವಿಸ್ ಅಥವಾ ನಿಗದಿತ ವೇಳೆಗೆ ತಾನಾಗಿ ಓಡುವ ಟಾಸ್ಕ್ ಅನ್ನು ಬಿಟ್ಟುಹೋಗುತ್ತದೆ. ಅದು ಓಡುವುದು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ. ಯಾರು ಬರೆದರೆಂದು ಗೊತ್ತಿಲ್ಲದ ಒಂದು ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ಅತ್ಯುನ್ನತ ಅಧಿಕಾರದೊಂದಿಗೆ ಖಾಯಂ ಆಗಿ ನೆಲೆಸಿರುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗಿ ಅರ್ಥವಾಗುತ್ತವೆ.

ಅಂಗಡಿಯವರು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಟ್ಟಿದ್ದಾರೆ. ಅದು ಅಸಲಿಯೇ ಎಂದು ತಿಳಿಯುವುದು ಹೇಗೆ?

ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದಲ್ಲಿರುವ ಆಕ್ಟಿವೇಶನ್ ಪುಟ ನೋಡಿ. 'ಡಿಜಿಟಲ್ ಲೈಸೆನ್ಸ್' ಮೂಲಕ ಆಕ್ಟಿವೇಟ್ ಆಗಿದೆ ಎಂದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ; ಆದರೂ ಕೆಲವು ಉಪಕರಣಗಳು ಈ ಸ್ಥಿತಿಯನ್ನೂ ಅಕ್ರಮವಾಗಿ ಪಡೆಯುವುದರಿಂದ ಇದೊಂದನ್ನೇ ಪೂರ್ಣ ಪುರಾವೆ ಎನ್ನಲಾಗದು. 'ಯುವರ್ ಆರ್ಗನೈಸೇಶನ್ಸ್ ಆಕ್ಟಿವೇಶನ್ ಸರ್ವಿಸ್' ಮೂಲಕ, ಅಂದರೆ ನಿಮ್ಮ ಸಂಸ್ಥೆಯ ಸೇವೆಯ ಮೂಲಕ ಆಕ್ಟಿವೇಟ್ ಆಗಿದೆ ಎಂದು ಬರೆದಿದ್ದು, ಆ ಯಂತ್ರ ನಿಮ್ಮ ಮನೆಯ ಸ್ವಂತದ್ದಾಗಿದ್ದರೆ, ಅದರೊಳಗೆ ನಕಲಿ ಕೆಎಂಎಸ್ ಇದೆ ಎಂದೇ ತಿಳಿಯಬೇಕು. ಮನೆಗೆ ಯಾವ ಸಂಸ್ಥೆಯ ಸರ್ವರ್ ಇದ್ದೀತು? ಹಾಗೆಯೇ ಮನೆಯ ಕಂಪ್ಯೂಟರಿನಲ್ಲಿ ಆಫೀಸ್‌ನ 'ಪ್ರೊಫೆಷನಲ್ ಪ್ಲಸ್ ಎಲ್‌ಟಿಎಸ್‌ಸಿ' ಆವೃತ್ತಿ ಕಂಡರೆ ಅದೂ ಅನುಮಾನಕ್ಕೆ ಎಡೆಮಾಡುವ ಸಂಗತಿ, ಏಕೆಂದರೆ ಅದು ಸಂಸ್ಥೆಗಳಿಗೆ ಸಗಟು ಪರವಾನಗಿಯಲ್ಲಿ ಮಾರುವ ಆವೃತ್ತಿ.

ಇಲ್ಲಿ ಹಲವರಿಗೆ ತಿಳಿಯದ ಒಂದು ವಿಷಯವಿದೆ. ವಿಂಡೋಸ್ 8ರ ಕಾಲದಿಂದ ಈಚೆಗೆ, ವಿಂಡೋಸ್ ಸಮೇತ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಯನ್ನು ತಯಾರಕರೇ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ ಬರೆದಿರುತ್ತಾರೆ. ನೀವು ಹಾರ್ಡ್ ಡಿಸ್ಕ್ ಬದಲಿಸಿದರೂ ಅದು ಅಲ್ಲೇ ಇರುತ್ತದೆ. ಲ್ಯಾಪ್‌ಟಾಪ್ ನಿಧಾನವಾಯಿತೆಂದು ಅಂಗಡಿಗೆ ಒಯ್ದಾಗ, ಹೋಮ್ ಆವೃತ್ತಿಯಿದ್ದ ಯಂತ್ರಕ್ಕೆ ತಮ್ಮ ಪೆನ್‌ಡ್ರೈವ್‌ನಲ್ಲಿದ್ದ ಪ್ರೊ ಆವೃತ್ತಿಯನ್ನು ಹಾಕಿ, ಕೀ ಹೊಂದದ ಕಾರಣ ಆಕ್ಟಿವೇಟರ್ ಓಡಿಸಿ ಕೊಡುವವರಿದ್ದಾರೆ. ಅಂದರೆ ಹಣ ಕೊಟ್ಟು ಕೊಂಡ ಅಸಲಿ ಪರವಾನಗಿ ಯಂತ್ರದೊಳಗೆ ಇದ್ದೂ ಮಾಲೀಕರು ಕಳ್ಳಪ್ರತಿಯನ್ನು ಬಳಸುತ್ತಿರುತ್ತಾರೆ. ಇಂಥ ಯಂತ್ರಕ್ಕೆ ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದ ಉಚಿತವಾಗಿ ಸಿಗುವ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, 8 ಜಿಬಿಯ ಒಂದು ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು ಹೋಮ್ ಆವೃತ್ತಿಯನ್ನು ಹೊಸದಾಗಿ ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ಅದು ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಒಂದು ರೂಪಾಯಿಯೂ ಖರ್ಚಿಲ್ಲ. ಲ್ಯಾಪ್‌ಟಾಪ್ ಕೊಂಡಾಗಿನ ಬಿಲ್ಲಿನಲ್ಲಿ ಅಥವಾ ಪೆಟ್ಟಿಗೆಯ ಮೇಲೆ ವಿಂಡೋಸ್ ಎಂದು ನಮೂದಾಗಿದ್ದರೆ, ಬೇರೆ ದಾರಿ ಹುಡುಕುವ ಮೊದಲು ಇದನ್ನು ಪ್ರಯತ್ನಿಸಬೇಕು.

ಆಂಟಿವೈರಸ್ ಕೊಡುವ ಎಚ್ಚರಿಕೆ ಸುಳ್ಳು, ಆಕ್ಟಿವೇಟರ್ ಆದ್ದರಿಂದ ಹಾಗೆ ತೋರಿಸುತ್ತದೆ ಎನ್ನುತ್ತಾರೆ. ನಿಜವೇ?

ಇದು ಅರ್ಧ ಸತ್ಯ. ಅಪಾಯ ಇರುವುದೂ ಅದೇ ಅರ್ಧದಲ್ಲಿ. ವಿಂಡೋಸ್‌ನೊಂದಿಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ಇಂಥ ಕಡತಗಳನ್ನು 'ಹ್ಯಾಕ್‌ಟೂಲ್', 'ಆಟೋಕೆಎಂಎಸ್' ಎಂಬ ಹೆಸರುಗಳಿಂದ ಗುರುತಿಸುತ್ತದೆ. ಕಡತದಲ್ಲಿ ಬೇರೆ ಕುತಂತ್ರಾಂಶ ಇಲ್ಲದಿದ್ದರೂ ಈ ಎಚ್ಚರಿಕೆ ಬರುತ್ತದೆ ಎಂಬುದು ನಿಜ. ಆದರೆ ಅದರೊಳಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಇದ್ದರೂ ಬಳಕೆದಾರನ ಕಣ್ಣಿಗೆ ಬೀಳುವುದು ಅದೇ ಕೆಂಪು ಎಚ್ಚರಿಕೆಯೇ. ಎಚ್ಚರಿಕೆಯನ್ನು ಕಡೆಗಣಿಸಲು ಮೊದಲೇ ಮನಸ್ಸು ಮಾಡಿರುವವನಿಗೆ ಇವೆರಡರ ನಡುವೆ ವ್ಯತ್ಯಾಸ ತಿಳಿಯುವ ಮಾರ್ಗವೇ ಇರುವುದಿಲ್ಲ. ದಾಳಿಕೋರರು ಆಕ್ಟಿವೇಟರ್‌ಗಳನ್ನು ಇಷ್ಟಪಡುವುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಇಂಥ ಕಡತಗಳು ಸಿಗುವ ಬಗೆಯನ್ನೇ ಗಮನಿಸಿ. ಇಳಿಸಿಕೊಂಡ ಜಿಪ್ ಕಡತಕ್ಕೆ ಪಾಸ್‌ವರ್ಡ್ ಇರುತ್ತದೆ. ಆ ಪಾಸ್‌ವರ್ಡ್ ಪಕ್ಕದಲ್ಲೇ ಇರುವ ಒಂದು ಪುಟ್ಟ ಟೆಕ್ಸ್ಟ್ ಕಡತದಲ್ಲಿ ಬರೆದಿರುತ್ತದೆ. ಎಲ್ಲರಿಗೂ ಹೇಳುವ ಪಾಸ್‌ವರ್ಡ್ ಏಕೆ ಬೇಕು? ಬ್ರೌಸರ್ ಮತ್ತು ಆಂಟಿವೈರಸ್‌ಗಳು ಬೀಗ ಹಾಕಿದ ಜಿಪ್‌ನ ಒಳಗನ್ನು ಇಣುಕಿ ನೋಡಲಾರವು ಎಂಬುದೇ ಅದರ ಉದ್ದೇಶ. ಮುಂದಿನ ಸೂಚನೆ ರಿಯಲ್ ಟೈಮ್ ಪ್ರೊಟೆಕ್ಷನ್ ಆಫ್ ಮಾಡಿ ಎಂದಿರುತ್ತದೆ. ಅದರ ಮುಂದಿನದು, ಆ ಫೋಲ್ಡರನ್ನು ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿ ಎಂದು. ಕೊನೆಯದು ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಎಂದು. ಸಾಮಾನ್ಯ ಕುತಂತ್ರಾಂಶವೊಂದು ಒಳಗೆ ಬರಲು ಈ ನಾಲ್ಕು ತಡೆಗಳನ್ನು ತಾನೇ ಕಷ್ಟಪಟ್ಟು ದಾಟಬೇಕಾಗುತ್ತದೆ. ಇಲ್ಲಿ ಯಂತ್ರದ ಮಾಲೀಕನೇ ಅವನ್ನು ಒಂದೊಂದಾಗಿ ತೆಗೆದುಕೊಡುತ್ತಾನೆ.

ಇದರಿಂದ ನಿಜವಾಗಿ ಹಾನಿಯಾದ ಉದಾಹರಣೆಗಳಿವೆಯೇ?

ಸಾಕಷ್ಟಿವೆ. ಕೆಎಂಎಸ್‌ಪಿಕೊ ಎಂಬ ಹೆಸರಾಂತ ಆಕ್ಟಿವೇಟರ್‌ನ ಸೋಗಿನಲ್ಲಿ ಕ್ರಿಪ್ಟ್‌ಬಾಟ್ ಎಂಬ ಮಾಹಿತಿಗಳ್ಳ ಪ್ರೋಗ್ರಾಂ ಹರಡುತ್ತಿರುವುದನ್ನು ಅಮೆರಿಕದ ರೆಡ್ ಕ್ಯಾನರಿ ಎಂಬ ಭದ್ರತಾ ಕಂಪನಿ 2021ರ ಡಿಸೆಂಬರ್‌ನಲ್ಲಿ ವಿವರವಾಗಿ ಪ್ರಕಟಿಸಿತು. ಬಳಕೆದಾರನಿಗೆ ಅನುಮಾನ ಬಾರದಂತೆ ಅಸಲಿ ಆಕ್ಟಿವೇಟರ್ ಕೂಡ ಜೊತೆಯಲ್ಲೇ ಅನುಸ್ಥಾಪನೆಯಾಗುತ್ತಿತ್ತು. ವಿಂಡೋಸ್ ಆಕ್ಟಿವೇಟ್ ಆಯಿತೆಂದು ಆತ ಸಂತೋಷಪಡುತ್ತಿದ್ದಾಗಲೇ ಹಿಂದಿನ ಬಾಗಿಲಿನಿಂದ ಬ್ರೌಸರ್‌ನ ಪಾಸ್‌ವರ್ಡ್‌ಗಳೂ ಕ್ರಿಪ್ಟೋ ವ್ಯಾಲೆಟ್‌ಗಳೂ ಹೋಗುತ್ತಿದ್ದವು.

ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ರ್‍ಯಾನ್ಸಮ್‌ವೇರ್ ಹರಡಿದ್ದು ಬಹುಮಟ್ಟಿಗೆ ಕ್ರ್ಯಾಕ್ ಮತ್ತು ಆಕ್ಟಿವೇಟರ್‌ಗಳ ಮೂಲಕವೇ. ಫೋಟೊ, ದಾಖಲೆಗಳನ್ನೆಲ್ಲ ಗೂಢಲಿಪಿಗೊಳಿಸಿ, ಬಿಡಿಸಿಕೊಡಲು 980 ಡಾಲರ್, 72 ಗಂಟೆಗಳೊಳಗೆ ಕೊಟ್ಟರೆ 490 ಡಾಲರ್ ಎಂದು ಅದು ಕೇಳುತ್ತಿತ್ತು. ದೊಡ್ಡ ಕಂಪನಿಗಳನ್ನು ಬಿಟ್ಟು ಮನೆಬಳಕೆದಾರರನ್ನೇ ಗುರಿ ಮಾಡಿದ ದಾಳಿ ಇದು. ಹಳೆಯ ಕೆಲವು ರೂಪಾಂತರಗಳಿಗೆ ಉಚಿತ ಪರಿಹಾರ ಸಿಕ್ಕಿತಾದರೂ, ದಾಳಿಕೋರರ ಸರ್ವರ್‌ನಿಂದ ಪ್ರತ್ಯೇಕ ಕೀ ಪಡೆದ ಯಂತ್ರಗಳ ಕಡತಗಳನ್ನು ಬಿಡಿಸುವುದು ಆಗಲಿಲ್ಲ.

ಯುದ್ಧದಲ್ಲಿಯೂ ಇದು ಆಯುಧವಾಗಿದೆ. ಉಕ್ರೇನಿನ ವಿಂಡೋಸ್ ಬಳಕೆದಾರರನ್ನು ಗುರಿಯಾಗಿಸಿ, ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ ಭಾಗವೆಂದು ಪಾಶ್ಚಾತ್ಯ ಸರ್ಕಾರಗಳು ಗುರುತಿಸಿರುವ ಸ್ಯಾಂಡ್‌ವರ್ಮ್ ಗುಂಪು ಕೆಎಂಎಸ್ ಆಕ್ಟಿವೇಟರ್‌ಗಳಲ್ಲಿ ಗೂಢಚರ್ಯೆಯ ಪ್ರೋಗ್ರಾಂಗಳನ್ನು ಅಡಗಿಸಿ ಹರಡಿದೆ ಎಂದು 2025ರ ಫೆಬ್ರವರಿಯಲ್ಲಿ ಭದ್ರತಾ ಸಂಶೋಧಕರು ವರದಿ ಮಾಡಿದರು. ಸರ್ಕಾರಿ ಕಚೇರಿಗಳಲ್ಲೂ ಕಳ್ಳಪ್ರತಿಗಳು ಬಳಕೆಯಲ್ಲಿದ್ದುದು ಈ ದಾಳಿಗೆ ಅನುಕೂಲವಾಯಿತು. ಅದೇ ವರ್ಷದ ಕೊನೆಯಲ್ಲಿ ದಕ್ಷಿಣ ಕೊರಿಯಾದ ಪೊಲೀಸರು ಲಿಥುವೇನಿಯಾದ ಒಬ್ಬನನ್ನು ಗಡೀಪಾರಿನ ಮೂಲಕ ಕರೆತಂದು ಬಂಧಿಸಿದರು. ಆಕ್ಟಿವೇಟರ್‌ನ ವೇಷದಲ್ಲಿ ಸುಮಾರು 28 ಲಕ್ಷ ಪ್ರತಿಗಳಷ್ಟು ಕುತಂತ್ರಾಂಶ ಹರಡಿದ ಆರೋಪ ಅವನ ಮೇಲಿದೆ. ಕ್ರಿಪ್ಟೋ ಹಣ ಕಳಿಸಲು ವಿಳಾಸವನ್ನು ಕಾಪಿ ಮಾಡಿದಾಗ, ಪೇಸ್ಟ್ ಆಗುವಷ್ಟರಲ್ಲಿ ಆ ವಿಳಾಸದ ಜಾಗದಲ್ಲಿ ಕಳ್ಳನ ವಿಳಾಸವನ್ನು ಕೂರಿಸುವುದು ಅದರ ಕೆಲಸವಾಗಿತ್ತು.

ಎರಡು ವರ್ಷದಿಂದ ಬಳಸುತ್ತಿದ್ದೇನೆ, ಏನೂ ಆಗಿಲ್ಲವಲ್ಲ?

ಏನೂ ಆಗಿಲ್ಲದಿರಬಹುದು. ಏನಾಗಿದೆ ಎಂಬುದು ತಿಳಿಯದೆ ಇರಲೂಬಹುದು. ಈಗಿನ ಮಾಹಿತಿಗಳ್ಳ ಪ್ರೋಗ್ರಾಂಗಳು ಯಂತ್ರವನ್ನು ನಿಧಾನಗೊಳಿಸುವುದಿಲ್ಲ, ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ನಿಮಿಷಗಳಲ್ಲಿ ಬಾಚಿಕೊಂಡು ಕಳಿಸಿ, ಎಷ್ಟೋ ಬಾರಿ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಆಮೇಲೆ ಸ್ಕ್ಯಾನ್ ಮಾಡಿದರೆ ಯಂತ್ರ ಶುದ್ಧವಾಗಿಯೇ ಕಾಣುತ್ತದೆ.

ಕುಕಿಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಮ್ಮೆ ಲಾಗಿನ್ ಆದ ಮೇಲೆ ಪ್ರತಿ ಬಾರಿ ಪಾಸ್‌ವರ್ಡ್ ಕೇಳದಿರಲೆಂದು ಜಾಲತಾಣವು ಬ್ರೌಸರ್‌ನಲ್ಲಿ ಒಂದು ಗುರುತನ್ನು ಇಡುತ್ತದೆ. ಅದನ್ನು ಕದ್ದವನು ತನ್ನ ಬ್ರೌಸರ್‌ನಲ್ಲಿ ಹಾಕಿಕೊಂಡರೆ ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ಇಲ್ಲದೆ ನಿಮ್ಮ ಖಾತೆಯೊಳಗೆ ಇರುತ್ತಾನೆ. ಯೂಟ್ಯೂಬ್ ಚಾನೆಲ್‌ಗಳು, ಫೇಸ್‌ಬುಕ್ ಪುಟಗಳು ಎರಡು ಹಂತದ ದೃಢೀಕರಣವಿದ್ದೂ ಕೈತಪ್ಪಿ ಹೋಗುವುದು ಹೆಚ್ಚಾಗಿ ಈ ದಾರಿಯಿಂದ. ಇದರ ವ್ಯಾಪ್ತಿ ಎಷ್ಟೆಂದರೆ, ಲುಮ್ಮಾ ಎಂಬ ಒಂದೇ ಮಾಹಿತಿಗಳ್ಳ ಪ್ರೋಗ್ರಾಂ 2025ರ ಮಾರ್ಚ್ 16ರಿಂದ ಮೇ 16ರವರೆಗಿನ ಎರಡು ತಿಂಗಳಲ್ಲಿ ಜಗತ್ತಿನಾದ್ಯಂತ 3.94 ಲಕ್ಷಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದ್ದುದನ್ನು ಮೈಕ್ರೋಸಾಫ್ಟ್ ಗುರುತಿಸಿತು. ಕ್ರ್ಯಾಕ್ ಮಾಡಿದ ತಂತ್ರಾಂಶವು ಅದು ಹರಡಿದ ದಾರಿಗಳಲ್ಲಿ ಒಂದು.

ಅಪ್‌ಡೇಟ್ ಆಫ್ ಮಾಡಿದರೆ ಆಕ್ಟಿವೇಶನ್ ಹೋಗುವುದಿಲ್ಲ ಎನ್ನುತ್ತಾರೆ. ಹಾಗೆ ಮಾಡಬಹುದೇ?

ಮಾಡಬಾರದು. ಭದ್ರತಾ ದೋಷಗಳನ್ನು ಮುಚ್ಚುವುದು ಅಪ್‌ಡೇಟ್‌ಗಳೇ. ವನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ದಾಳಿ ನಡೆದದ್ದು ಮೇ 12ರಂದು. ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಂಡಿದ್ದ ಯಂತ್ರಗಳಿಗೆ ಆ ದೋಷದ ಮೂಲಕ ನುಗ್ಗಲು ಅದಕ್ಕೆ ಆಗಲಿಲ್ಲ.

ಮೂಲಸಂಕೇತ ಎಲ್ಲರಿಗೂ ಕಾಣುವಂತಿರುವ ಸ್ಕ್ರಿಪ್ಟ್‌ಗಳಿವೆಯಲ್ಲ, ಅವು ಸುರಕ್ಷಿತವಲ್ಲವೇ?

ಮೂಲಸಂಕೇತ ಬಹಿರಂಗವಾಗಿದ್ದರೆ ಅದರಲ್ಲಿ ಕುತಂತ್ರಾಂಶ ಅಡಗಿಸುವುದು ಕಷ್ಟ ಎಂಬುದನ್ನು ಒಪ್ಪಬೇಕು. ಆದರೆ ಬಳಸುವವರಲ್ಲಿ ಅದನ್ನು ಓದುವವರೆಷ್ಟು ಮಂದಿ? ಹೆಚ್ಚಿನವರು ಎಲ್ಲಿಂದಲೋ ಒಂದು ಸಾಲಿನ ಆದೇಶವನ್ನು ಪವರ್‌ಶೆಲ್ ಎಂಬ ವಿಂಡೋಸ್‌ನ ಆದೇಶ ಕಿಟಕಿಯಲ್ಲಿ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಅದು ಇಂಟರ್ನೆಟ್‌ನಿಂದ ಆ ಕ್ಷಣಕ್ಕೆ ಏನು ಬರುತ್ತದೋ ಅದನ್ನು ನೇರವಾಗಿ ಓಡಿಸುತ್ತದೆ. ಹೆಸರಾಂತ ಸ್ಕ್ರಿಪ್ಟ್ ಒಂದರ ವಿಳಾಸಕ್ಕಿಂತ ಒಂದೇ ಅಕ್ಷರ ವ್ಯತ್ಯಾಸವಿರುವ ವಿಳಾಸವನ್ನು ನೋಂದಾಯಿಸಿಕೊಂಡು, ತಪ್ಪಿ ಟೈಪ್ ಮಾಡಿದವರ ಯಂತ್ರಗಳಿಗೆ ಕುತಂತ್ರಾಂಶ ಕಳಿಸಿದ ಪ್ರಕರಣವೂ ಬೆಳಕಿಗೆ ಬಂದಿದೆ. ಇನ್ನು, ಸ್ಕ್ರಿಪ್ಟ್ ಶುದ್ಧವಾಗಿದ್ದರೂ ನಿಮಗೆ ಪರವಾನಗಿ ಸಿಕ್ಕಂತಾಗುವುದಿಲ್ಲ. ಕಚೇರಿಯ ಲೆಕ್ಕಪರಿಶೋಧನೆಯಲ್ಲಿ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಗಳು ಸಕ್ರಮವೇ?

ಬಹುತೇಕ ಅಲ್ಲ. ವಿಂಡೋಸ್‌ನ ಚಿಲ್ಲರೆ ಪರವಾನಗಿಯ ಬೆಲೆ ಸಾವಿರಗಳಲ್ಲಿರುವಾಗ, ನೂರುಗಳಲ್ಲಿ ಸಿಗುವುದು ಸಾಮಾನ್ಯವಾಗಿ ಯಾವುದೋ ಸಂಸ್ಥೆಯ ಸಗಟು ಕೀ, ಶಿಕ್ಷಣ ಸಂಸ್ಥೆಗೆ ಕೊಟ್ಟ ಕೀ, ಇಲ್ಲವೇ ತಂತ್ರಾಂಶ ಅಭಿವೃದ್ಧಿಕಾರರ ಚಂದಾದಡಿ ಪರೀಕ್ಷೆಗೆಂದು ಕೊಟ್ಟ ಕೀ. ಮೊದಲ ದಿನ ಅದು ಕೆಲಸ ಮಾಡುತ್ತದೆ. ಒಂದೇ ಕೀ ನೂರಾರು ಕಡೆ ಬಳಕೆಯಾಗಿರುವುದು ಗೊತ್ತಾದಾಗ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿಯಬಹುದು. ಅಷ್ಟರಲ್ಲಿ ಮಾರಿದವನು ಬೇರೆ ಹೆಸರಿನಲ್ಲಿ ಅಂಗಡಿ ತೆರೆದಿರುತ್ತಾನೆ. ಆಕ್ಟಿವೇಟರ್‌ಗೆ ಹೋಲಿಸಿದರೆ ಇದರಲ್ಲಿ ಕುತಂತ್ರಾಂಶದ ಭಯ ಕಡಿಮೆ ನಿಜ, ಆದರೆ ಹಣ ಕೊಟ್ಟೂ ಪರವಾನಗಿ ಇಲ್ಲದ ಸ್ಥಿತಿ ಇದು. ನನ್ನ ಅಭಿಪ್ರಾಯದಲ್ಲಿ ಆ ಹಣವನ್ನೂ ಉಳಿಸಿ ಕೆಳಗೆ ಹೇಳಿರುವ ಉಚಿತ ದಾರಿಗಳನ್ನು ಹಿಡಿಯುವುದು ಲೇಸು.

ಭಾರತದ ಕಾನೂನು ಏನು ಹೇಳುತ್ತದೆ?

ಕಂಪ್ಯೂಟರ್ ಪ್ರೋಗ್ರಾಂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಸಾಹಿತ್ಯ ಕೃತಿಯೆಂದೇ ಪರಿಗಣಿತವಾಗುತ್ತದೆ. ಆ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಉಲ್ಲಂಘಿತ ಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವುದು ಅಪರಾಧ. ಇದಕ್ಕೆ ಕನಿಷ್ಠ 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ, ಜೊತೆಗೆ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಬಳಕೆಯು ಲಾಭಕ್ಕಾಗಿ ಅಥವಾ ವ್ಯಾಪಾರ ವ್ಯವಹಾರದ ಭಾಗವಾಗಿ ಆಗಿರದಿದ್ದರೆ, ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ ಸೆರೆವಾಸವಿಲ್ಲದೆ 50,000 ರೂಪಾಯಿವರೆಗಿನ ದಂಡವನ್ನಷ್ಟೇ ವಿಧಿಸಲು ಅವಕಾಶವಿದೆ. ಮನೆಬಳಕೆಗೂ ಅಂಗಡಿಬಳಕೆಗೂ ಕಾನೂನೇ ಮಾಡಿರುವ ಈ ವ್ಯತ್ಯಾಸವನ್ನು ಸಣ್ಣ ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕು.

2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣಾ ಕ್ರಮಗಳನ್ನು ಭೇದಿಸುವುದಕ್ಕೆ 2 ವರ್ಷದವರೆಗೆ ಸೆರೆವಾಸ ಮತ್ತು ದಂಡವನ್ನು ಹೇಳುತ್ತದೆ. ಇನ್ನು ಕೃತಿಸ್ವಾಮ್ಯ ಉಲ್ಲಂಘನೆಯ ಸಾಮಾನ್ಯ ಅಪರಾಧವಾದ 63ನೇ ಕಲಮು ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಜಾಮೀನುರಹಿತವೂ ಆದದ್ದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ತೀರ್ಪು ನೀಡಿದೆ.

ವಾಸ್ತವದಲ್ಲಿ ಕ್ರಮಕ್ಕೆ ಗುರಿಯಾಗುವುದು ಹೆಚ್ಚಾಗಿ ಕಂಪನಿಗಳು. ದೆಹಲಿ ಹೈಕೋರ್ಟ್‌ನಲ್ಲಿ ತಂತ್ರಾಂಶ ಕಂಪನಿಗಳು ಹೂಡಿದ ಇಂಥ ದಾವೆಗಳಲ್ಲಿ ನ್ಯಾಯಾಲಯವು ಸ್ಥಳೀಯ ಆಯುಕ್ತರನ್ನು ನೇಮಿಸಿ, ಅವರು ಪ್ರತಿವಾದಿಯ ಕಚೇರಿಗೆ ಹೋಗಿ ಕಂಪ್ಯೂಟರ್‌ಗಳನ್ನು ತಪಾಸಣೆ ಮಾಡುವುದು ರೂಢಿಯಲ್ಲಿದೆ. ಅಲ್ಲಿ 'ಸಿಬ್ಬಂದಿ ತಾವೇ ಹಾಕಿಕೊಂಡಿದ್ದಾರೆ' ಎಂಬ ಸಮಜಾಯಿಷಿಯೊಂದರಿಂದಲೇ ಮಾಲೀಕರು ಪಾರಾಗುವುದು ಸುಲಭವಲ್ಲ.

ವಿಂಡೋಸ್ ಕೊಳ್ಳಲು ಈಗ ಹಣವಿಲ್ಲ. ಆಕ್ಟಿವೇಟ್ ಮಾಡದೆ ಹಾಗೆಯೇ ಇಟ್ಟುಕೊಂಡರೆ ಏನಾಗುತ್ತದೆ?

ಪರದೆಯ ಬಲಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಎಂಬ ಮಸುಕಾದ ಬರಹ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಿಂದ ಹಿನ್ನೆಲೆ ಚಿತ್ರ, ಬಣ್ಣ ಬದಲಿಸಲು ಆಗುವುದಿಲ್ಲ. ಉಳಿದ ಕೆಲಸ ನಡೆಯುತ್ತದೆ, ಭದ್ರತಾ ಅಪ್‌ಡೇಟ್‌ಗಳೂ ಬರುತ್ತವೆ. ಪರವಾನಗಿಯ ಷರತ್ತಿನ ದೃಷ್ಟಿಯಿಂದ ಇದು ಶಾಶ್ವತ ಪರಿಹಾರವಲ್ಲ, ಕಚೇರಿಗಂತೂ ಸಲ್ಲದು. ಆದರೂ ಆ ಬರಹವನ್ನು ಅಳಿಸುವುದಕ್ಕಾಗಿ ಆಕ್ಟಿವೇಟರ್ ಓಡಿಸುವುದಕ್ಕಿಂತ, ಹಣ ಹೊಂದಿಸಿಕೊಳ್ಳುವವರೆಗೆ ಅಥವಾ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಬದಲಾಗುವವರೆಗೆ ಅದನ್ನು ನೋಡಿಕೊಂಡಿರುವುದು ಎಷ್ಟೋ ಮೇಲು.

ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಿಡಿಸುವುದಿಲ್ಲ. ಏನು ಮಾಡಬೇಕು?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಮುಂದುವರಿಸುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. 22ಎಚ್2 ಆವೃತ್ತಿಯಲ್ಲಿದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್‌ಗಳನ್ನು ಸಿಂಕ್ ಮಾಡಿಕೊಂಡವರಿಗೆ ಹೆಚ್ಚಿನ ಶುಲ್ಕವಿಲ್ಲದೆ ಸೇರಿಕೊಳ್ಳುವ ದಾರಿಯನ್ನೂ ಅದು ಇಟ್ಟಿತು.

ಆಮೇಲಿನ ಮಾತಿಗೆ, ಲಿನಕ್ಸ್. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ್‍ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮವಾಗಿ ಓಡುತ್ತದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ವೈಫೈ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಹಾಕಿಕೊಳ್ಳಬಹುದು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಬಾಸ್ ಎಂಬ ಲಿನಕ್ಸ್ ವಿತರಣೆಯನ್ನು ಭಾರತೀಯ ಭಾಷೆಗಳ ಬೆಂಬಲದೊಂದಿಗೆ ಕೊಡುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶದ ಮೇಲೆಯೇ ಬಹುಕಾಲದಿಂದ ಐಟಿ ಪಾಠ ನಡೆಸಿಕೊಂಡು ಬಂದಿವೆ. ಹತ್ತನೇ ತರಗತಿಯ ಮಕ್ಕಳಿಗೆ ಆಗುವುದು ದೊಡ್ಡವರಿಗೆ ಆಗದೆಂಬುದಿಲ್ಲ. ಬೆಂಗಳೂರು ಮತ್ತು ಸುತ್ತಮುತ್ತಲಿನವರಿಗೆ ಸ್ವತಂತ್ರ ತಂತ್ರಾಂಶ ಚಳವಳಿ ಕರ್ನಾಟಕದಂಥ ಸ್ವಯಂಸೇವಾ ಬಳಗದ ನೆರವು ಕೇಳಬಹುದು.

ಎಂಎಸ್ ಆಫೀಸ್ ಬದಲಿಗೆ ಏನನ್ನು ಬಳಸಬಹುದು?

ಪತ್ರ, ಅರ್ಜಿ, ಸರಳ ಪಟ್ಟಿ ಇಷ್ಟೇ ಬೇಕಾದವರಿಗೆ ಬ್ರೌಸರ್‌ನಲ್ಲೇ ತೆರೆಯುವ ಮೈಕ್ರೋಸಾಫ್ಟ್‌ನ ಉಚಿತ ವರ್ಡ್, ಎಕ್ಸೆಲ್ ಸಾಕು. ಖಾತೆಯೊಂದಿಗೆ 5 ಜಿಬಿ ಜಾಗವೂ ಸಿಗುತ್ತದೆ. ಗೂಗಲ್ ಡಾಕ್ಸ್ ಕೂಡ ಇದೆ. ಇಂಟರ್ನೆಟ್ ಇಲ್ಲದೆಯೂ ಕೆಲಸವಾಗಬೇಕೆಂದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಅದರ ಮೆನುಗಳನ್ನು ಕನ್ನಡದಲ್ಲಿಯೂ ಇಟ್ಟುಕೊಳ್ಳಬಹುದು. ಕಾಲೇಜು ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಇಮೇಲ್‌ನಿಂದ ಮೈಕ್ರೋಸಾಫ್ಟ್ 365 ಶಿಕ್ಷಣ ಯೋಜನೆಗೆ ಅರ್ಹತೆ ಇದೆಯೇ ಎಂದು ನೋಡಬೇಕು. ಅದರ ಎ1 ಎಂಬ ಹಂತ ಅರ್ಹ ಸಂಸ್ಥೆಗಳಿಗೆ ಉಚಿತ.

ಒಂದು ಮಿತಿಯನ್ನು ಮುಚ್ಚಿಡಬಾರದು. ಎಕ್ಸೆಲ್‌ನಲ್ಲಿ ವಿಬಿಎ ಮ್ಯಾಕ್ರೋ ಬರೆದು ಕಟ್ಟಿದ ದೊಡ್ಡ ಕಡತಗಳು ಲಿಬ್ರೆ ಆಫೀಸ್‌ನಲ್ಲಿ ಹಾಗೆಯೇ ಓಡುತ್ತವೆಂಬ ಭರವಸೆ ಕೊಡಲಾಗದು. ಅಂಥ ಕಡತಗಳ ಮೇಲೆಯೇ ಸಂಸ್ಥೆಯ ಕೆಲಸ ನಿಂತಿದ್ದರೆ, ಆ ಒಂದೆರಡು ಯಂತ್ರಗಳಿಗೆ ಮಾತ್ರ ಆಫೀಸ್ ಕೊಂಡು ಉಳಿದವಕ್ಕೆ ಲಿಬ್ರೆ ಆಫೀಸ್ ಹಾಕುವುದು ಜಾಣತನ.

ಡಿಟಿಪಿ ಕೆಲಸಕ್ಕೆ ಪೇಜ್‌ಮೇಕರ್, ಫೋಟೋಶಾಪ್, ಕೋರೆಲ್ ಡ್ರಾ ಇಲ್ಲದೆ ಆಗುವುದಿಲ್ಲವಲ್ಲ?

ಮದುವೆ ಕಾರ್ಡು, ಕರಪತ್ರ, ಫ್ಲೆಕ್ಸ್ ಮಾಡುವ ಕನ್ನಡದ ಡಿಟಿಪಿ ಕೇಂದ್ರಗಳಲ್ಲಿ ಈ ಪ್ರಶ್ನೆ ಬೆಲೆಯದ್ದಷ್ಟೇ ಅಲ್ಲ, ಅಕ್ಷರದ್ದೂ ಹೌದು. ಪೇಜ್‌ಮೇಕರ್‌ನ ಕೊನೆಯ ಪ್ರಧಾನ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತವಿರುವ ವ್ಯವಸ್ಥೆಯ ಕನ್ನಡ ಬಾರದು. ನುಡಿಯ ಆಸ್ಕಿ ಫಾಂಟ್‌ಗಳು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಿರುವುದರಿಂದ ಅದರಲ್ಲಿ ಕೆಲಸ ಮಾಡುತ್ತವೆ. ಫಾಂಟ್ ಬದಲಿಸಿದರೆ ಆ ಬರಹವೆಲ್ಲ ಅರ್ಥವಿಲ್ಲದ ಗೋಜಲಾಗಿ ಕಾಣುತ್ತದೆ. ಇಪ್ಪತ್ತು ವರ್ಷಗಳ ಕಡತಗಳು ಹೀಗೆಯೇ ಇರುವುದರಿಂದ ಎಷ್ಟೋ ಕೇಂದ್ರಗಳು ಹಳೆಯ ವಿಂಡೋಸ್, ಹಳೆಯ ಪೇಜ್‌ಮೇಕರ್ ಮತ್ತು ಅವನ್ನು ಓಡಿಸಲು ಬೇಕಾದ ಕ್ರ್ಯಾಕ್‌ಗಳ ಸರಪಳಿಯಿಂದ ಹೊರಬರಲಾಗದೆ ಇವೆ. ಗ್ರಾಹಕರ ಪೆನ್‌ಡ್ರೈವ್‌ಗಳು ದಿನವಿಡೀ ಇದೇ ಯಂತ್ರಗಳಿಗೆ ಚುಚ್ಚಿಸಿಕೊಳ್ಳುತ್ತಿರುತ್ತವೆ ಎಂಬುದನ್ನೂ ಮರೆಯಬಾರದು.

ಹೊರಬರುವ ದಾರಿ ಯುನಿಕೋಡ್‌ನಿಂದ ಶುರುವಾಗುತ್ತದೆ. ಆಸ್ಕಿ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಲಭ್ಯ. ಬದಲಾದ ಪಠ್ಯದಲ್ಲಿ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಬೇಕು. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಮುಂತಾದ ಮುಕ್ತ ಪರವಾನಗಿಯ ಫಾಂಟ್‌ಗಳನ್ನು ವ್ಯಾಪಾರಕ್ಕೂ ಬಳಸಬಹುದು. ಪುಟವಿನ್ಯಾಸಕ್ಕೆ ಸ್ಕ್ರೈಬಸ್‌ನ 1.6 ಸರಣಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣವ್ಯವಸ್ಥೆಯ ಪಿಡಿಎಫ್ ಕೂಡ ಅದರಿಂದ ತೆಗೆಯಬಹುದು. ಕೋರೆಲ್ ಡ್ರಾದ ಜಾಗಕ್ಕೆ ಇಂಕ್‌ಸ್ಕೇಪ್, ಫೋಟೋಶಾಪ್‌ನ ಜಾಗಕ್ಕೆ ಗಿಂಪ್ ಅಥವಾ ಕ್ರಿಟಾ. ಗಿಂಪ್‌ನಲ್ಲಿ ಸಿಎಂವೈಕೆ ಕೆಲಸ ಫೋಟೋಶಾಪ್‌ನಷ್ಟು ಸಲೀಸಲ್ಲ. ಆದ್ದರಿಂದ ಬಣ್ಣದ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕಾದ ಮುದ್ರಣಾಲಯವು ಫೋಟೋಶಾಪ್‌ನ ತಿಂಗಳ ಚಂದಾ ಕಟ್ಟುವುದೇ ಸರಿ, ಅದು ಕೆಲಸದ ಖರ್ಚಿನ ಲೆಕ್ಕಕ್ಕೂ ಸೇರುತ್ತದೆ.

ಟ್ಯಾಲಿ ಕಲಿಯಬೇಕು, ಪರವಾನಗಿ ಕೊಳ್ಳುವಷ್ಟು ಶಕ್ತಿಯಿಲ್ಲ. ಕ್ರ್ಯಾಕ್ ಬಿಟ್ಟರೆ ಬೇರೆ ದಾರಿಯಿದೆಯೇ?

ಕಲಿಯಲು ಕ್ರ್ಯಾಕ್ ಬೇಕಾಗಿಯೇ ಇಲ್ಲ. ಬೆಂಗಳೂರಿನ ಟ್ಯಾಲಿ ಕಂಪನಿಯೇ ಟ್ಯಾಲಿಪ್ರೈಮ್‌ನಲ್ಲಿ ಎಜುಕೇಶನಲ್ ಮೋಡ್ ಇಟ್ಟಿದೆ. ಅದರಲ್ಲಿ ತಿಂಗಳ ಮೊದಲೆರಡು ದಿನ ಮತ್ತು 31ನೇ ತಾರೀಕಿನಂಥ ಕೆಲವೇ ದಿನಾಂಕಗಳಿಗೆ ವೋಚರ್ ಹಾಕಬಹುದು ಎಂಬ ಮಿತಿಯಿದ್ದರೂ ಅಭ್ಯಾಸಕ್ಕೆ ಅದು ಅಡ್ಡಿಯಲ್ಲ. ನಿಜವಾದ ವ್ಯಾಪಾರದ ಲೆಕ್ಕವನ್ನು ಕ್ರ್ಯಾಕ್ ಮಾಡಿದ ಪ್ರತಿಯಲ್ಲಿ ಇಡುವುದಂತೂ ಬೇಲಿಯೇ ಎದ್ದು ಹೊಲ ಮೇಯಲು ಬಿಟ್ಟಂತೆ: ಗ್ರಾಹಕರ ಪಟ್ಟಿ, ಜಿಎಸ್‌ಟಿ ವಿವರ, ಬ್ಯಾಂಕ್ ಖಾತೆ ಎಲ್ಲವೂ ಅದರ ಕೈಯಲ್ಲಿರುತ್ತವೆ. ಚಂದಾ ರೂಪದಲ್ಲಿ ಪರವಾನಗಿ ಪಡೆಯುವ ಅವಕಾಶವಿದೆ. ಸ್ವಂತವಾಗಿ ನಡೆಸಿಕೊಳ್ಳಬಲ್ಲವರಿಗೆ ಮುಂಬೈನಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶವೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದೇ ಮಾತು: ಆಟೋಡೆಸ್ಕ್ ಕಂಪನಿಯು ಅರ್ಹ ವಿದ್ಯಾರ್ಥಿಗಳಿಗೆ ಆಟೋಕ್ಯಾಡ್ ಅನ್ನು ಒಂದು ವರ್ಷದ ಅವಧಿಗೆ, ನವೀಕರಿಸಿಕೊಳ್ಳುವಂತೆ, ಉಚಿತವಾಗಿ ಕೊಡುತ್ತದೆ.

ಈಗಾಗಲೇ ಆಕ್ಟಿವೇಟರ್ ಓಡಿಸಿಬಿಟ್ಟಿದ್ದೇನೆ. ಏನು ಮಾಡಲಿ?

ಮೊದಲು ಯಂತ್ರವನ್ನು ಇಂಟರ್ನೆಟ್‌ನಿಂದ ಬಿಡಿಸಿ. ಬಳಿಕ ಫೋನಿನಿಂದಲೋ ಬೇರೊಂದು ಶುದ್ಧ ಕಂಪ್ಯೂಟರಿನಿಂದಲೋ ಪಾಸ್‌ವರ್ಡ್‌ಗಳನ್ನು ಬದಲಿಸಿ. ಇಮೇಲ್ ಮೊದಲು, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕ್, ಡಿಮ್ಯಾಟ್, ಸಾಮಾಜಿಕ ಜಾಲತಾಣಗಳು. ಬರೀ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಪ್ರತಿ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆಯನ್ನು ಒತ್ತಿ, ಕದ್ದ ಕುಕಿಗಳು ನಿರುಪಯೋಗಿಯಾಗುವಂತೆ ಮಾಡಬೇಕು.

ನಂತರ ದಾಖಲೆ, ಫೋಟೊಗಳನ್ನಷ್ಟೇ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಸೆಟಪ್ ಕಡತಗಳು, ಜಿಪ್‌ಗಳು ಬೇಡ. ಆಮೇಲೆ ಡಿಸ್ಕನ್ನು ಪೂರ್ತಿ ಅಳಿಸಿ, ಅಧಿಕೃತ ಮೂಲದಿಂದ ವಿಂಡೋಸ್ ಅಥವಾ ಲಿನಕ್ಸ್ ಹೊಸದಾಗಿ ಹಾಕಿ. ಆಕ್ಟಿವೇಟರನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅದು ತೆಗೆಯುವುದು ತನ್ನನ್ನು ಮಾತ್ರ, ಜೊತೆಯಲ್ಲಿ ಬಂದದ್ದನ್ನಲ್ಲ. ಹೊಸದಾಗಿ ಹಾಕುವುದು ತಕ್ಷಣಕ್ಕೆ ಸಾಧ್ಯವಿಲ್ಲದಿದ್ದರೆ, ಕನಿಷ್ಠ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿರುವುದನ್ನೆಲ್ಲ ಅಳಿಸಿ, ರಕ್ಷಣೆಯನ್ನು ಮತ್ತೆ ಆನ್ ಮಾಡಿ, ಆಫ್‌ಲೈನ್ ಸ್ಕ್ಯಾನ್ ನಡೆಸಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಕುತಂತ್ರಾಂಶ ತೆಗೆಯುವ ಉಚಿತ ಉಪಕರಣಗಳನ್ನು ಒದಗಿಸುತ್ತದೆ. ಆದರೆ ಬ್ಯಾಂಕ್ ವ್ಯವಹಾರವನ್ನು ಆ ಯಂತ್ರದಲ್ಲಿ ಮಾಡಬೇಡಿ.

ಹಣ ಹೋಗಿದ್ದರೆ ಎಲ್ಲಿ ದೂರು ಕೊಡಬೇಕು? ಕಳ್ಳಪ್ರತಿ ಬಳಸಿದ್ದಕ್ಕೆ ನಮ್ಮನ್ನೇ ಹಿಡಿಯುತ್ತಾರೆಯೇ?

ತಡಮಾಡದೆ 1930ಕ್ಕೆ ಕರೆ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದಾಖಲಿಸಿ. ಹಣ ಖಾತೆಯಿಂದ ಖಾತೆಗೆ ಸಾಗುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ. ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆದುಕೊಳ್ಳಿ. ಕರ್ನಾಟಕದ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳು ಇಂಥ ಪ್ರಕರಣಗಳನ್ನು ನೋಡಿಕೊಳ್ಳುತ್ತವೆ. ಸಂಸ್ಥೆಗಳಾದರೆ, 2022ರ ಏಪ್ರಿಲ್ 28ರ ನಿರ್ದೇಶನದಂತೆ, ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು. ಆಕ್ಟಿವೇಟರ್ ಬಳಸಿದ್ದು ಹೊರಬೀಳುತ್ತದೆಂಬ ಅಂಜಿಕೆಯಿಂದ ದೂರು ಕೊಡದೆ ಸುಮ್ಮನಿರುವವರಿದ್ದಾರೆ. ಕಳ್ಳನಿಗೆ ಬೇಕಾಗಿರುವುದೂ ಅದೇ. ಯಂತ್ರದಲ್ಲಿ ಏನು ಓಡಿಸಿದಿರಿ ಎಂಬುದನ್ನು ಇದ್ದಂತೆ ಹೇಳಿದರೆ ತನಿಖೆಗೂ ನೆರವಾಗುತ್ತದೆ. ಸಂದೇಹವಿದ್ದರೆ ವಕೀಲರೊಬ್ಬರನ್ನು ಕೇಳಬಹುದು, ಆದರೆ 1930ರ ಕರೆಯನ್ನು ಅದಕ್ಕಾಗಿ ಮುಂದೂಡಬೇಡಿ.

ಹೊಸ ಕಂಪ್ಯೂಟರ್ ಕೊಳ್ಳುವಾಗ ಅಂಗಡಿಯವರನ್ನು ಏನು ಕೇಳಬೇಕು?

ವಿಂಡೋಸ್ ಬೆಲೆಯಲ್ಲಿ ಸೇರಿದೆಯೇ, ಸೇರಿದ್ದರೆ ಯಾವ ಆವೃತ್ತಿ ಎಂದು ಕೇಳಿ, ಅದನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಡಿಭಾಗಗಳಿಂದ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಪರವಾನಗಿ ಸಾಮಾನ್ಯವಾಗಿ ಸೇರಿರುವುದಿಲ್ಲ. 'ಸಾಫ್ಟ್‌ವೇರ್ ಎಲ್ಲಾ ಫ್ರೀಯಾಗಿ ಹಾಕಿಕೊಡುತ್ತೇವೆ ಸರ್' ಎಂಬ ಮಾತು ಬಂದರೆ ಬೇಡವೆಂದು ಹೇಳಿ, ಖಾಲಿ ಡಿಸ್ಕಿನೊಂದಿಗೆ ಮನೆಗೆ ತನ್ನಿ. ಲ್ಯಾಪ್‌ಟಾಪ್ ಆದರೆ, ವಿಂಡೋಸ್ ಇಲ್ಲದೆ ಡಾಸ್ ಅಥವಾ ಲಿನಕ್ಸ್‌ನೊಂದಿಗೆ ಮಾರುವ ಮಾದರಿಯ ಬೆಲೆಯನ್ನು ವಿಂಡೋಸ್ ಸಮೇತದ ಮಾದರಿಯ ಬೆಲೆಯೊಂದಿಗೆ ಹೋಲಿಸಿ ನೋಡಿ. ನಿಮಗೆ ವಿಂಡೋಸ್ ಬೇಕೇ ಬೇಕೆಂದಿದ್ದರೆ, ಆಮೇಲೆ ಪ್ರತ್ಯೇಕವಾಗಿ ಕೊಳ್ಳುವುದಕ್ಕಿಂತ ಲ್ಯಾಪ್‌ಟಾಪ್‌ನೊಂದಿಗೇ ಪಡೆಯುವುದು ಸಾಮಾನ್ಯವಾಗಿ ಅಗ್ಗವಾಗುತ್ತದೆ. ಮನೆಗೆ ತಂದ ಮೊದಲ ದಿನವೇ ಆಕ್ಟಿವೇಶನ್ ಪುಟದಲ್ಲಿ ಪರವಾನಗಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ, ಬಿಲ್ಲಿನ ಫೋಟೊ ತೆಗೆದು ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಮುಂದೆ ಮದರ್‌ಬೋರ್ಡ್ ಕೆಟ್ಟು ವಾರಂಟಿಯಲ್ಲಿ ಬದಲಾಯಿಸಬೇಕಾಗಿ ಬಂದರೆ ಮತ್ತೆ ಆಕ್ಟಿವೇಟ್ ಮಾಡಿಸಿಕೊಳ್ಳಲು ಇವೆರಡೂ ಬೇಕಾಗಬಹುದು.